ಸ್ಪರ್ಧೆಗೆ ಸ್ಪ್ರಿಂಗ್-ಪಿಸ್ಟನ್ ಏರ್ ರೈಫಲನ್ನೇ ಆರಿಸಿಕೊಂಡ ನನ್ನ ಅನುಭವ

ಬೇರೆ ಬೇರೆ ದೂರದ ಲೋಹದ ಆಕೃತಿಗಳನ್ನು ಏರ್ ರೈಫಲಿನಿಂದ ಹೊಡೆದು ಬೀಳಿಸುವ ಫೀಲ್ಡ್ ಟಾರ್ಗೆಟ್ ಸ್ಪರ್ಧೆಗೆ ಇಳಿಯಬೇಕೆನ್ನುವವರಿಗೆ ಅನುಭವಿಗಳು ಸಾಮಾನ್ಯವಾಗಿ ಕೊಡುವ ಸಲಹೆ ಪಿಸಿಪಿ ಕೊಳ್ಳಿ ಎಂಬುದು, ಅಂದರೆ ಸಿಲಿಂಡರಿನಲ್ಲಿ ಮೊದಲೇ ಒತ್ತಡದ ಗಾಳಿಯನ್ನು ತುಂಬಿಸಿಟ್ಟುಕೊಳ್ಳುವ ರೈಫಲನ್ನು ಕೊಳ್ಳಿ ಎಂಬುದು. ಅಂಕಗಳನ್ನಷ್ಟೇ ನೋಡುವುದಾದರೆ ಆ ಸಲಹೆ ಸರಿಯಾದದ್ದೇ. ನಾನೂ ಪಿಸಿಪಿಯಲ್ಲಿ ಸಾಕಷ್ಟು ಕಾಲ ಅಭ್ಯಾಸ ಮಾಡಿದ್ದೇನೆ, ಅದರ ಗುಣಗಳನ್ನು ಬಲ್ಲೆ. ಆದರೂ ಸ್ಪರ್ಧೆಗೆ ನಾನು ಆರಿಸಿಕೊಂಡದ್ದು ಸ್ಪ್ರಿಂಗ್-ಪಿಸ್ಟನ್ ರೈಫಲನ್ನು. ಕಡಿಮೆ ಬೆಲೆ ಅದಕ್ಕೆ ಕಾರಣವಲ್ಲ, ಹಳೆಯದರ ಮೋಹವೂ ಕಾರಣವಲ್ಲ. ಟ್ರಿಗರ್ ಎಳೆದ ಕ್ಷಣದಿಂದ ಪೆಲೆಟ್, ಅಂದರೆ ಏರ್ ರೈಫಲಿನ ಸಣ್ಣ ಗುಂಡು, ನಳಿಗೆಯನ್ನು ದಾಟುವ ಕ್ಷಣದವರೆಗೆ ಗುರಿಕಾರನ ದೇಹವೂ ಆ ಹೊಡೆತದ ಒಂದು ಅಂಗವಾಗಿ ಉಳಿಯುವುದು ಈ ಬಗೆಯ ರೈಫಲಿನಲ್ಲಿ. ನಾನು ಸ್ಪರ್ಧೆಗೆ ಹೋಗುವುದು ಆ ಅಲ್ಪ ಅವಧಿಯನ್ನು ಪಳಗಿಸಿಕೊಳ್ಳುವುದಕ್ಕಾಗಿ.

ಇದು ಅರ್ಥವಾಗಬೇಕಾದರೆ ರೈಫಲಿನ ಒಳಗೆ ನಡೆಯುವುದನ್ನು ತಿಳಿಯಬೇಕು. ಲಿವರನ್ನು ಎಳೆದಾಗ ಬಲವಾದ ಸ್ಪ್ರಿಂಗ್ ಕುಗ್ಗಿ, ಭಾರವಾದ ಉಕ್ಕಿನ ಪಿಸ್ಟನ್ ಹಿಂದಕ್ಕೆ ಸರಿದು ಕೊಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದೊಡನೆ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಅದಕ್ಕೆ ಪ್ರತಿಯಾಗಿ ಇಡೀ ರೈಫಲ್ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ತನ್ನ ಓಟದ ಕೊನೆಯನ್ನು ಸಮೀಪಿಸುವಷ್ಟರಲ್ಲಿ ಅದರ ಮುಂದಿನ ಗಾಳಿ ಅತಿಯಾಗಿ ಒತ್ತಲ್ಪಟ್ಟು ಬಿಸಿಯಾಗಿರುತ್ತದೆ, ಪೆಲೆಟ್ ಅಲುಗುವುದೂ ಸುಮಾರಾಗಿ ಆಗಲೇ. ಗಾಳಿಯ ಆ ಮೆತ್ತೆ ಪಿಸ್ಟನನ್ನು ತಡೆದು ನಿಲ್ಲಿಸುವಾಗ ರೈಫಲ್ ಈ ಬಾರಿ ಮುಂದಕ್ಕೆ ಜಗ್ಗುತ್ತದೆ. ಟ್ರಿಗರ್ ಎಳೆದಾಗಿನಿಂದ ಪೆಲೆಟ್ ಹೊರಬೀಳುವವರೆಗೆ ಹಿಡಿಯುವ ಕಾಲ ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನದು. ಕೇಳುವುದಕ್ಕೆ ಇದು ಏನೂ ಅಲ್ಲವೆನಿಸಬಹುದು, ಆದರೆ ರೈಫಲಿನ ಚಲನೆ ಪೆಲೆಟ್ ಹೊರಬೀಳುವುದಕ್ಕೆ ಮೊದಲೇ ಶುರುವಾಗಿರುತ್ತದೆ ಎಂಬುದೇ ಇಲ್ಲಿ ಮುಖ್ಯ ಸಂಗತಿ. ರೈಫಲ್ ಹೇಗೆ ಚಲಿಸಬೇಕೆಂಬುದನ್ನು ನಿರ್ಧರಿಸುವವು ನನ್ನ ಭುಜ, ಅಂಗೈ ಮತ್ತು ಕೆನ್ನೆ. ಪಿಸಿಪಿಯಲ್ಲಾದರೋ ಸುಮಾರು 200 ಬಾರ್ ಒತ್ತಡದ ಗಾಳಿ ಸಿದ್ಧವಾಗಿಯೇ ಇರುತ್ತದೆ. ಒಂದು ಸಣ್ಣ ಸುತ್ತಿಗೆ ವಾಲ್ವನ್ನು ತಟ್ಟಿದೊಡನೆ ಅದರಲ್ಲಿ ಅಳತೆಯಷ್ಟು ಗಾಳಿ ಹೊರಬಂದು ಪೆಲೆಟನ್ನು ತಳ್ಳುತ್ತದೆ, ರೈಫಲ್ ಅಲುಗುವುದು ಗಮನಕ್ಕೂ ಬಾರದಷ್ಟು. ಹಿಡಿತ ತುಸು ಹೆಚ್ಚುಕಡಿಮೆಯಾದರೂ ಅದು ಕ್ಷಮಿಸುತ್ತದೆ.

ಹತ್ತು ಮೀಟರ್ ದೂರದ ಗುರಿಹಲಗೆಗೆ ಏರ್ ರೈಫಲಿನಿಂದ ಹೊಡೆಯುವ ಸ್ಪರ್ಧೆಯ ಇತಿಹಾಸ ನೋಡಿದರೆ ಈ ಚಲನೆಯನ್ನು ಕೊಲ್ಲುವುದಕ್ಕಾಗಿ ಎಷ್ಟು ಬುದ್ಧಿ ವ್ಯಯವಾಗಿದೆಯೆಂಬುದು ತಿಳಿಯುತ್ತದೆ. ಆ ಗುರಿಹಲಗೆಯ ಹತ್ತರ ಅಂಕದ ಚುಕ್ಕೆ ಬರೀ 0.5 ಮಿಲಿಮೀಟರ್ ಅಗಲದ್ದು, ಅದಕ್ಕೆ ಹೊಡೆಯುವ ಪೆಲೆಟ್ 4.5 ಮಿಲಿಮೀಟರಿನದು. ಅಂಥ ಕೆಲಸಕ್ಕಾಗಿ ಫೈನ್‌ವೆರ್ಕ್‌ಬೌ ಕಂಪನಿ ತನ್ನ 300 ಮಾದರಿಯಲ್ಲಿ ರೈಫಲಿನ ಯಂತ್ರಭಾಗವೆಲ್ಲ ಮರದ ದಿಮ್ಮಿಯ, ಅಂದರೆ ಕೈಯಲ್ಲಿ ಹಿಡಿದು ಭುಜಕ್ಕಿಡುವ ಮರದ ಭಾಗದ ಮೇಲೆ ಹಳಿಯಲ್ಲಿ ಜಾರುವಂತೆ ಮಾಡಿತು. ಡಯಾನಾ ಕಂಪನಿ ತನ್ನ 75ನೇ ಮಾದರಿಯಲ್ಲಿ ಎದುರುಬದುರಾಗಿ ಓಡುವ ಎರಡು ಪಿಸ್ಟನ್‌ಗಳನ್ನಿಟ್ಟು ಒಂದರ ಒದೆತವನ್ನು ಇನ್ನೊಂದರಿಂದ ಅಳಿಸಿತು. ಹತ್ತು ಮೀಟರ್ ಏರ್ ರೈಫಲ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಸ್ಥಾನ ಪಡೆಯಿತು. ಒಂದೇ ಸಲ ಪಂಪ್ ಮಾಡಿ ಗಾಳಿ ತುಂಬಿಸುವ ರೈಫಲುಗಳು, ಅವುಗಳ ಬಳಿಕ ಪಿಸಿಪಿಗಳು ಆ ಕ್ಷೇತ್ರವನ್ನು ಪೂರ್ತಿಯಾಗಿ ವಶಪಡಿಸಿಕೊಂಡವು. ಅಲ್ಲಿ ಅದೇ ನ್ಯಾಯ, ಹತ್ತು ಮೀಟರಿಗೆ ಸ್ಪ್ರಿಂಗ್ ರೈಫಲ್ ಹಿಡಿದು ಹೋಗಿ ಎಂದು ನಾನು ಯಾರಿಗೂ ಹೇಳಲಾರೆ.

ಫೀಲ್ಡ್ ಟಾರ್ಗೆಟ್ ಬೇರೆಯದೇ ಬಗೆಯ ಪರೀಕ್ಷೆ. 1980ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಬೆಳೆದ ಈ ಸ್ಪರ್ಧೆಯಲ್ಲಿ ಬಯಲಿನಲ್ಲೋ ಮರಗಳ ನಡುವೆಯೋ ಸುಮಾರು 8ರಿಂದ 50 ಮೀಟರ್ ದೂರದಲ್ಲಿ ಲೋಹದ ಆಕೃತಿಗಳನ್ನು ನಿಲ್ಲಿಸಿರುತ್ತಾರೆ. ಆಕೃತಿಯಲ್ಲಿರುವ ದುಂಡು ಕಿಂಡಿಯೊಳಗೆ ಪೆಲೆಟ್ ಹೋದರೆ ಮಾತ್ರ ಅದು ಮಗುಚಿ ಬೀಳುತ್ತದೆ. ಅಂಚಿಗೆ ತಗುಲಿ ಆಕೃತಿ ಬೀಳದಿದ್ದರೆ ಅಂಕವಿಲ್ಲ. ದೂರವನ್ನು ಯಾರೂ ಹೇಳುವುದಿಲ್ಲ, ನಾವೇ ಸ್ಕೋಪಿನ, ಅಂದರೆ ರೈಫಲಿನ ಮೇಲೆ ಕೂರಿಸಿದ ದೂರದರ್ಶಕದ ಪಾರ್ಶ್ವಚಕ್ರ ತಿರುಗಿಸಿ, ಚಿತ್ರ ಸ್ಪಷ್ಟವಾಗುವ ಬಿಂದುವಿನಿಂದ ಅಳೆದುಕೊಳ್ಳಬೇಕು. ಅಂತರರಾಷ್ಟ್ರೀಯ ನಿಯಮದಲ್ಲಿ ರೈಫಲಿನ ಶಕ್ತಿ ಸುಮಾರು 16.3 ಜೌಲ್ ಮೀರುವಂತಿಲ್ಲ, ಸ್ಪ್ರಿಂಗ್ ರೈಫಲುಗಳಿಗೆ ಪ್ರತ್ಯೇಕ ವರ್ಗವೂ ಇದೆ. ಹಾಗಾಗಿ ಸ್ಪ್ರಿಂಗ್ ಹಿಡಿದವನು ಸ್ಪರ್ಧಿಸುವುದು ಸ್ಪ್ರಿಂಗ್ ಹಿಡಿದವರೊಂದಿಗೆ.

ಈ ದೂರಗಳಲ್ಲಿ ಸ್ಪ್ರಿಂಗ್ ರೈಫಲ್ ನಿಜಕ್ಕೂ ಎಷ್ಟು ಹಿಂದೆ ಬೀಳುತ್ತದೆಂದು ನಾನು ಲೆಕ್ಕ ಹಾಕಿ ನೋಡಿದೆ. ಸುಮಾರು 0.55 ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 240 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ 16 ಜೌಲಿಗಿಂತ ತುಸು ಕಡಿಮೆ ಬರುತ್ತದೆ. ಅದು 50 ಮೀಟರ್ ತಲುಪಲು ಹತ್ತಿರ ಹತ್ತಿರ ಕಾಲು ಸೆಕೆಂಡ್ ಬೇಕು, ಅಷ್ಟರಲ್ಲಿ ನಳಿಗೆಯ ರೇಖೆಯಿಂದ ಸುಮಾರು 27 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ವೇಗದಲ್ಲಿ ಸೆಕೆಂಡಿಗೆ 3 ಮೀಟರ್ ವ್ಯತ್ಯಾಸ ಬಂದರೆ ಅಷ್ಟು ದೂರದಲ್ಲಿ ಪೆಲೆಟ್ ಏಳು ಮಿಲಿಮೀಟರಿನಷ್ಟು ಮೇಲೋ ಕೆಳಗೋ ಬೀಳುತ್ತದೆ. ದೂರವನ್ನು ಅಂದಾಜಿಸುವಲ್ಲಿ ಒಂದೇ ಮೀಟರ್ ತಪ್ಪಿದರೂ ಆಗುವ ನಷ್ಟ ಅಷ್ಟೇ. ಚೆನ್ನಾಗಿ ಹೊಂದಿಸಿದ ಸ್ಪ್ರಿಂಗ್ ರೈಫಲ್ ಒಂದು ಹೊಡೆತದಿಂದ ಇನ್ನೊಂದಕ್ಕೆ ವೇಗವನ್ನು ಆ ಮಿತಿಯೊಳಗೆ ಕಾಯ್ದುಕೊಳ್ಳಬಲ್ಲದು, ಅದಕ್ಕೆ ಗಾಳಿಯ ಒತ್ತಡವನ್ನು ಸಮನಾಗಿಡುವ ರೆಗ್ಯುಲೇಟರ್ ಬೇಡ, ಸಿಲಿಂಡರಿನಲ್ಲಿ ಒತ್ತಡ ಇಳಿಯುತ್ತಿದೆಯೇ ಎಂಬ ಆತಂಕವೂ ಬೇಡ. ಅಂದರೆ ಕಳೆದುಹೋಗುವ ಅಂಕಗಳ ಬಹುಪಾಲು ಯಂತ್ರದ ವೇಗದಲ್ಲಿಲ್ಲ. ಅವು ಹಿಡಿತದಲ್ಲಿವೆ, ಗಾಳಿಯನ್ನು ಓದುವುದರಲ್ಲಿವೆ, ದೂರವನ್ನು ಅಳೆಯುವುದರಲ್ಲಿವೆ. ನನ್ನ ನಿರ್ಧಾರ ಗಟ್ಟಿಯಾದದ್ದು ಈ ಲೆಕ್ಕದ ನಂತರ.

ರೈಫಲ್ ಆರಿಸುವಾಗ ನಳಿಗೆಯನ್ನೇ ಬಗ್ಗಿಸಿ ಸ್ಪ್ರಿಂಗ್ ಎಳೆಯುವ ಬಗೆಯನ್ನು ಬಿಟ್ಟು, ನಳಿಗೆ ಕದಲದೆ ಅಡಿಯ ಲಿವರಿನಿಂದ ಎಳೆಯುವ ಬಗೆಯನ್ನು ತೆಗೆದುಕೊಂಡೆ. ಬಗ್ಗುವ ನಳಿಗೆಯ ಒಳ್ಳೆಯ ರೈಫಲುಗಳು ಪ್ರತಿ ಸಲವೂ ಅದೇ ಸ್ಥಾನಕ್ಕೆ ಮರಳುತ್ತವೆ ಎಂಬುದನ್ನು ಒಪ್ಪುತ್ತೇನೆ, ಆದರೂ ಸಂದೇಹಕ್ಕೆ ಒಂದು ಕಾರಣ ಕಡಿಮೆಯಿರಲಿ ಎನ್ನಿಸಿತು. ಏರ್ ಆರ್ಮ್ಸ್ ಕಂಪನಿಯ ಟಿಎಕ್ಸ್ 200 ಮತ್ತು ವೈರಾಖ್ ಕಂಪನಿಯ ಎಚ್‌ಡಬ್ಲ್ಯೂ 97 ಎರಡನ್ನೂ ಹಿಡಿದು ನೋಡಿ ಎರಡನೆಯದನ್ನು ಆರಿಸಿದೆ. ಅದರ ರೆಕಾರ್ಡ್ ಟ್ರಿಗರನ್ನು ಬೇಕಾದಂತೆ ಹೊಂದಿಸಿಕೊಳ್ಳಬಹುದು, ಅದು ಬಿಡುವ ಬಿಂದು ಬೆರಳಿಗೆ ಖಚಿತವಾಗಿ ತಿಳಿಯುತ್ತದೆ. ತೂಕ ಸ್ಕೋಪ್ ಇಲ್ಲದೆಯೇ ನಾಲ್ಕು ಕಿಲೋದ ಆಸುಪಾಸು. ಸ್ಪ್ರಿಂಗ್ ರೈಫಲಿಗೆ ತೂಕ ಭಾರವಲ್ಲ, ಗುಣ. ಪಿಸ್ಟನ್ ಅದೇ ಇದ್ದು ರೈಫಲ್ ತೂಕವಾದಷ್ಟೂ ಅಲುಗಾಟ ಕಡಿಮೆಯಾಗುತ್ತದೆ. ಲಿವರ್ ಎಳೆದು ಪೆಲೆಟ್ ಹಾಕುವಾಗ ಲಿವರನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದೇ ಇರಬೇಕೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒಳಗಿನ ಸುರಕ್ಷತಾ ಕೊಂಡಿಯನ್ನು ನಂಬಿ ಬೆರಳನ್ನು ಒಡ್ಡಬಾರದು.

ಇನ್ನು ಹಿಡಿತದ ವಿಷಯ. ರೈಫಲನ್ನು ಬಿಗಿಯಾಗಿ ಹಿಡಿದರೆ ನೆಟ್ಟಗೆ ಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಪೂರ್ತಿ ತಲೆಕೆಳಗಾಗುತ್ತದೆ. ಬಿಗಿ ಹಿಡಿತವೆಂಬುದು ಒಂದು ಹೊಡೆತದಂತೆ ಇನ್ನೊಂದಕ್ಕೆ ಇರುವುದಿಲ್ಲ, ಸ್ನಾಯುವಿನ ಬಿಗಿ ದಣಿವಿನೊಂದಿಗೂ ಉಸಿರಿನೊಂದಿಗೂ ಬದಲಾಗುತ್ತಲೇ ಇರುತ್ತದೆ. ಆದ್ದರಿಂದ ರೈಫಲಿಗೆ ತನ್ನಷ್ಟಕ್ಕೆ ಹಿಂದೆ ಮುಂದೆ ಜಾರಲು ಬಿಡುವುದೊಂದೇ ದಾರಿ. ತೊಟ್ಟಿಲಿನಲ್ಲಿ ಮಲಗಿದ ಮಗುವಿನಂತೆ ಅದು ತೆರೆದ ಅಂಗೈಯ ಮೇಲೆ ಒರಗಿರಬೇಕು, ಬೆರಳುಗಳು ಅದನ್ನು ಸುತ್ತಿ ಹಿಡಿಯಬಾರದು. ಕುಳಿತು ಹೊಡೆಯುವಾಗ ನನ್ನ ಎಡ ಮುಂಗೈ ಮಂಡಿಯ ಮೇಲೆ, ರೈಫಲ್ ಅಂಗೈಯ ಮೇಲೆ. ಅಂಗೈ ಮುಟ್ಟುವ ಜಾಗವನ್ನು ದಿಮ್ಮಿಯ ಮೇಲೆ ತೆಳುವಾದ ಪಟ್ಟಿ ಅಂಟಿಸಿ ಗುರುತು ಮಾಡಿಕೊಂಡಿದ್ದೇನೆ, ಏಕೆಂದರೆ ಆ ಜಾಗ ಒಂದೆರಡು ಬೆರಳಿನಷ್ಟು ಹಿಂದು ಮುಂದಾದರೂ ಪೆಲೆಟ್ ಬೀಳುವ ಸ್ಥಳ ಬದಲಾಗುತ್ತದೆ. ಬುಡದ ಒತ್ತು ಭುಜಕ್ಕೆ ತಾಗಿದೆ ಎನ್ನುವಷ್ಟಿದ್ದರೆ ಸಾಕು. ಕೆನ್ನೆಯನ್ನು ಒತ್ತದೆ ಇಳಿಸಿಡಬೇಕು. ಬಲಗೈಯ ಹೆಬ್ಬೆರಳನ್ನು ನಾನು ಹಿಡಿಯ ಸುತ್ತ ತರದೆ ಪಕ್ಕದಲ್ಲೇ ಇಡುತ್ತೇನೆ, ಹಾಗೆ ಮಾಡಿದರೆ ಟ್ರಿಗರ್ ಎಳೆಯುವ ಬೆರಳಿನ ಬಲ ಉಳಿದ ಕೈಗೆ ಹರಡುವುದಿಲ್ಲ.

ದೇಹದ ದಿಕ್ಕನ್ನು ಹೊಂದಿಸುವುದಕ್ಕೆ ಇದಕ್ಕಿಂತಲೂ ಹೆಚ್ಚು ಸಮಯ ಕೊಡುತ್ತೇನೆ. ಗುರಿಯಿಟ್ಟು, ಕಣ್ಣು ಮುಚ್ಚಿ, ಒಮ್ಮೆ ಉಸಿರಾಡಿ, ಮತ್ತೆ ಕಣ್ಣು ತೆರೆದಾಗ ಸ್ಕೋಪಿನೊಳಗೆ ಗುರಿ ತೋರಿಸುವ ಕಡ್ಡಿ ಕಿಂಡಿಯಿಂದ ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ಅದನ್ನು ಎಳೆದು ತರುವಂತಿಲ್ಲ. ಕೂತ ಭಂಗಿಯನ್ನೇ ತಿರುಗಿಸಬೇಕು. ಸ್ನಾಯುವಿನ ಬಲದಿಂದ ಗುರಿಗೆ ತಂದ ರೈಫಲ್ ಪಿಸ್ಟನ್ ಓಡತೊಡಗಿದೊಡನೆ ಆ ಬಲದ ದಿಕ್ಕಿಗೇ ಹಾರುತ್ತದೆ. ಪಿಸಿಪಿಯಲ್ಲಿ ಈ ದೋಷ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ, ಸ್ಪ್ರಿಂಗಿನಲ್ಲಿ ಮರುಕ್ಷಣವೇ ಗುರಿಯ ಮೇಲೆ ಕಾಣಿಸುತ್ತದೆ. ಹೊಡೆತವಾದ ಮೇಲೆ ಕಡ್ಡಿ ಎಲ್ಲಿಗೆ ಮರಳಿ ನಿಂತಿತೆಂಬುದನ್ನು ನೋಡುತ್ತಲೇ ಇರುತ್ತೇನೆ. ಹೊರಟಲ್ಲಿಗೇ ಅದು ಮರಳಿದ್ದರೆ ಪೆಲೆಟ್ ಬಿದ್ದ ಜಾಗವನ್ನು ನೋಡುವ ಮೊದಲೇ ಹೊಡೆತ ಸರಿಯಿತ್ತೆಂದು ತಿಳಿಯುತ್ತದೆ.

ಪೆಲೆಟ್ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ದುಂಡು ತಲೆಯ, 8.4 ಗ್ರೇನ್ (ಸುಮಾರು 0.55 ಗ್ರಾಂ) ಆಸುಪಾಸಿನ ಪೆಲೆಟ್ ನನ್ನ ನಳಿಗೆಗೆ ಒಗ್ಗಿದೆ. ಹತ್ತು ಗ್ರೇನ್ ಮೀರಿದ ಭಾರದ ಪೆಲೆಟ್ ಹಾಕಿದರೆ ಅದು ಅಲುಗುವುದು ತಡವಾಗಿ, ಪಿಸ್ಟನ್ ಗಾಳಿಯ ಮೆತ್ತೆಗೆ ಬಡಿದು ಹಿಂದಕ್ಕೆ ಪುಟಿಯುವುದು ಹೆಚ್ಚಾಗುತ್ತದೆ. ತಲೆಯ ಅಳತೆ 4.50, 4.51, 4.52 ಮಿಲಿಮೀಟರ್ ಎಂದು ಬೇರೆ ಬೇರೆ ಸಿಗುವುದರಿಂದ ಒಂದೊಂದನ್ನೂ ಸ್ವಂತ ನಳಿಗೆಯಲ್ಲಿ 50 ಮೀಟರಿಗೆ ಹೊಡೆದು ನೋಡಿಯೇ ನಿರ್ಧರಿಸಬೇಕು.

ಸ್ಕೋಪ್ ಕೊಳ್ಳುವಾಗ ಮಾತ್ರ ಎಚ್ಚರ ಬೇಕು. ಸ್ಪ್ರಿಂಗ್ ರೈಫಲಿನ ಒದೆತ ಎರಡೂ ದಿಕ್ಕಿನದಾದ್ದರಿಂದ, ಮದ್ದಿನ ಬಂದೂಕಿನ ದೊಡ್ಡ ಒದೆತವನ್ನು ತಾಳುವ ಸ್ಕೋಪ್ ಕೂಡ ಇದರ ಮುಂದಿನ ಜಗ್ಗಾಟಕ್ಕೆ ಒಳಗಿನಿಂದ ಸಡಿಲವಾಗಬಹುದು. ಏರ್ ರೈಫಲಿಗೆಂದೇ ತಯಾರಾದದ್ದನ್ನೇ ತೆಗೆದುಕೊಂಡು, ಒಂದೇ ತುಂಡಿನ ಮೌಂಟಿನಲ್ಲಿ, ತಡೆಗೂಟವನ್ನು ರೈಫಲಿನ ರಂಧ್ರಕ್ಕೆ ಇಳಿಸಿ ಕೂರಿಸಿದ್ದೇನೆ. ಅದಿಲ್ಲದಿದ್ದರೆ ಸ್ಕೋಪ್ ಹೊಡೆತದಿಂದ ಹೊಡೆತಕ್ಕೆ ಕಣ್ಣಿಗೆ ಕಾಣದಂತೆ ಹಿಂದಕ್ಕೆ ತೆವಳುತ್ತದೆ.

ಆರೈಕೆಯಲ್ಲಿ ಸ್ಪ್ರಿಂಗ್ ರೈಫಲ್ ಕೇಳುವುದು ಸ್ವಲ್ಪ, ಆದರೆ ಕೇಳಿದ್ದನ್ನು ತಪ್ಪಿಸುವಂತಿಲ್ಲ. ಪಿಸ್ಟನ್ನಿನ ಮುಂದಿನ ಕೋಣೆಗೆ ಸಾಮಾನ್ಯ ಎಣ್ಣೆ ಹೋಗಬಾರದು. ಅಲ್ಲಿ ಬಿಸಿಯಾಗುವ ಗಾಳಿಗೆ ಅದು ಹೊತ್ತಿಕೊಂಡು ಹೊಗೆಯೂ ಸಿಡಿತವೂ ಉಂಟಾಗುತ್ತವೆ, ಸೀಲ್ ಹಾಳಾಗುತ್ತದೆ, ವೇಗವೂ ಅಂಕೆ ತಪ್ಪುತ್ತದೆ. ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯಲೂಬಾರದು, ಮೆತ್ತೆಯಾಗಬೇಕಾದ ಗಾಳಿ ಸೋರಿಹೋಗಿ ಪಿಸ್ಟನ್ ಲೋಹಕ್ಕೆ ಬಡಿಯುತ್ತದೆ. ನನ್ನ ರೈಫಲಿನ ಸ್ಪ್ರಿಂಗಿಗೆ ಅದರ ಒಳಗಿನ ವ್ಯಾಸಕ್ಕೆ ಬಿಗಿಯಾಗಿ ಹೊಂದುವ ಗೈಡ್ ಹಾಕಿಸಿ, ತೆಳುವಾಗಿ ಗ್ರೀಸ್ ಸವರಿಸಿದ ಮೇಲೆ, ಮೊದಲಿದ್ದ ತಂತಿ ಮೀಟಿದಂಥ ಕಂಪನ ಅಡಗಿತು. ಶಕ್ತಿಯನ್ನೂ ಮಿತಿಗಿಂತ ತುಸು ಕೆಳಗೇ ಇಟ್ಟಿದ್ದೇನೆ. ಮಿತಿಯ ತುದಿಯವರೆಗೂ ಎಳೆದರೆ ಸಿಗುವ ವೇಗ ಅಲ್ಪ, ಹೆಚ್ಚುವ ಒದೆತ ಬಹಳ. ಪಂಪ್, ಓ-ರಿಂಗ್, ತೇವಾಂಶ, ಸಿಲಿಂಡರಿನ ಅವಧಿ ಇವುಗಳ ಚಿಂತೆಯಿಲ್ಲ. ಪೆಲೆಟ್ ಡಬ್ಬಿಯೊಂದನ್ನು ಕಿಸೆಗೆ ಹಾಕಿಕೊಂಡರೆ ಅಭ್ಯಾಸಕ್ಕೆ ಹೊರಟಂತೆಯೇ.

ಪಿಸಿಪಿ ನಿಜಕ್ಕೂ ಮೇಲುಗೈ ಪಡೆಯುವುದು ನಿಂತು ಮತ್ತು ಮಂಡಿಯೂರಿ ಹೊಡೆಯಬೇಕಾದ ಗುರಿಗಳಲ್ಲಿ. ಭುಜ ನೋವಿರುವವರು, ಲಿವರ್ ಎಳೆಯುವುದು ಕಷ್ಟವಾಗುವವರು, ಒಟ್ಟು ಅಂಕದ ಮೊದಲ ಸ್ಥಾನಕ್ಕಾಗಿಯೇ ಬರುವವರು ಪಿಸಿಪಿ ಕೊಳ್ಳುವುದೇ ಸರಿ. ಸ್ಪ್ರಿಂಗ್ ಹಿಡಿದು ನಿಂತಾಗ ದೇಹದ ತೂಗಾಟಕ್ಕೆ ರೈಫಲಿನ ಚಲನೆಯೂ ಸೇರಿ ಎಲ್ಲವೂ ಇಮ್ಮಡಿಯಾದಂತಾಗುತ್ತದೆ. ನನ್ನ ಅಭ್ಯಾಸದ ಹೆಚ್ಚಿನ ಪಾಲು ಈಗ ಅದಕ್ಕೇ ಮೀಸಲು. ಕಡ್ಡಿ ಕಿಂಡಿಯ ಮೇಲೆ ನಿಲ್ಲಲಿ ಎಂದು ಕಾಯುವುದನ್ನು ಬಿಟ್ಟು, ಅದು ನಿಧಾನವಾಗಿ ಕಿಂಡಿಯತ್ತ ಸಾಗುತ್ತಿರುವಾಗಲೇ ಟ್ರಿಗರಿನ ಎರಡನೇ ಹಂತವನ್ನು, ಅಂದರೆ ಪಿಸ್ಟನನ್ನು ಬಿಡಿಸುವ ಕೊನೆಯ ಒತ್ತನ್ನು, ಒತ್ತಿ ಮುಗಿಸುವುದನ್ನು ರೂಢಿಸಿಕೊಂಡಿದ್ದೇನೆ. ತೂಗಾಟ ಮಿತಿಮೀರಿದರೆ ರೈಫಲನ್ನು ಗುರಿಯ ದಿಕ್ಕಿನಲ್ಲೇ ಇಳಿಸಿ, ತೋಳಿಗೆ ಬಿಡುವು ಕೊಟ್ಟು, ಪಾದಗಳನ್ನು ಮತ್ತೆ ಹೊಂದಿಸಿಕೊಂಡು ಮೊದಲಿನಿಂದ ಎತ್ತುತ್ತೇನೆ. ಸ್ಪರ್ಧೆಯಲ್ಲಿ ಸಮಯದ ಮಿತಿಯಿರುವುದರಿಂದ ಅಂಥ ಇಳಿಸುವಿಕೆ ಒಂದೇ ಬಾರಿಗೆ ಸಾಧ್ಯ, ಅಭ್ಯಾಸದಲ್ಲಿಯೂ ನಾನು ಅದಕ್ಕಿಂತ ಹೆಚ್ಚಿಗೆ ಅವಕಾಶ ಕೊಟ್ಟುಕೊಳ್ಳುವುದಿಲ್ಲ.