ಮೂರನೆಯ ಆವೃತ್ತಿ ಬಿಟ್ಟು ಎರಡನೆಯದನ್ನೇ ಕೊಂಡೆ: 16-35 ಲೆನ್ಸಿನೊಂದಿಗೆ ನನ್ನ ಅನುಭವ

ಕ್ಯಾನನ್ 16-35 ಎಂಎಂ ಎಫ್2.8 ಲೆನ್ಸಿನ (16ರಲ್ಲಿ ನೋಟ ಅತಿ ಅಗಲ, 35ರಲ್ಲಿ ಕಿರಿದು; ಎಫ್2.8 ಎಂದರೆ ಬೆಳಕಿನ ಕಿಂಡಿಯಾದ ಅಪರ್ಚರ್ ಪೂರ್ತಿ ತೆರೆದ ಅಳತೆ, ಸಂಖ್ಯೆ ಹೆಚ್ಚಿದಂತೆ ಕಿಂಡಿ ಕಿರಿದು) ಮೊದಲ ಆವೃತ್ತಿ ಬಂದದ್ದು 2001ರಲ್ಲಿ, ಎರಡನೆಯದು 2007ರಲ್ಲಿ, ಮೂರನೆಯದು 2016ರಲ್ಲಿ. ಮೂರನೆಯದು ಅಂಗಡಿಯಲ್ಲಿ ಸಿಗುತ್ತಿರುವಾಗ ನಾನು ಬೇರೆಯವರು ಬಳಸಿ ಮಾರುವ ಎರಡನೆಯದನ್ನು ಹುಡುಕಲು ಹೊರಟದ್ದು ಹಾಸನದ ಕಡೆಯ ಮದುವೆ ಫೋಟೋಗ್ರಾಫರ್ ಮಿತ್ರರಿಗೆ ಹಿಡಿಸಲಿಲ್ಲ. "ಫೋಟೋದ ಮೂಲೆಯೆಲ್ಲ ಮಸುಕು ಬರುತ್ತೆ ಮಾರಾಯಾ, ದುಡ್ಡು ನೀರಿಗೆ ಹಾಕ್ಬೇಡ" ಎಂದರು. ಹಾಗೆಂದವರಲ್ಲಿ ಇಬ್ಬರು ಈಗ ನನ್ನ ಕೈಯಲ್ಲೇ ಪರೀಕ್ಷೆ ಮಾಡಿಸಿ ಅದನ್ನೇ ಕೊಂಡಿರುವುದರಿಂದ ಬರೆಯುವ ಧೈರ್ಯ ಬಂದಿದೆ.

ಮೂಲೆಯ ಮಾತು ಸುಳ್ಳಲ್ಲ. ಎಫ್2.8ರಲ್ಲಿ ಎರಡನೆಯ ಆವೃತ್ತಿಯ ಮೂಲೆಗಳು ಮೂರನೆಯದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಎಫ್2.8 ನಮಗೆ ಬೇಕಾಗುವುದು ಮುಹೂರ್ತದ ಹೊತ್ತಿನಲ್ಲಿ, ಜನರೆಲ್ಲ ಮಧ್ಯದಲ್ಲಿ ಒತ್ತಾಗಿ ನಿಂತಿರುವಾಗ. ಆಗ ಮೂಲೆಯಲ್ಲಿರುವುದು ಬಾಳೆಕಂದು, ಮಂಟಪದ ಬಟ್ಟೆ ಮತ್ತು ಇನ್ನೊಬ್ಬ ವಿಡಿಯೋದವನ ಮೊಣಕೈ. ಸ್ಟೇಜಿನ ಗುಂಪು ಫೋಟೋ ತೆಗೆಯುವಾಗ ಫ್ಲ್ಯಾಶ್ ಇರುತ್ತದೆ, ಎಫ್8 ಇರುತ್ತದೆ, ಅಲ್ಲಿ ಎರಡಕ್ಕೂ ಇರುವ ಅಂತರ ಬಹಳ ಕಡಿಮೆಯಾಗುತ್ತದೆ. ಸಾಲಿನ ತುದಿಯಲ್ಲಿ ನಿಂತ ಅತ್ತೆಯ ಮುಖ 16 ಎಂಎಂನಲ್ಲಿ ಅಗಲವಾಗುವುದಂತೂ ಇಷ್ಟು ಅಗಲದ ಕೋನದಲ್ಲಿ ನೇರ ಗೆರೆಗಳನ್ನು ನೇರವಾಗಿಯೇ ಇಡುವ ಯಾವ ಲೆನ್ಸಿನಲ್ಲಿಯೂ ತಪ್ಪದ ಸಂಗತಿಯಾದ್ದರಿಂದ, ಮೂರನೆಯ ಆವೃತ್ತಿಗೆ ಎಷ್ಟು ಸುರಿದರೂ ಅದು ಸರಿಯಾಗುವುದಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು 24ಕ್ಕೆ ಹೋಗುವುದೇ ಅದಕ್ಕೆ ಮದ್ದು.

ನಿಜವಾದ ತೊಂದರೆ ಇದ್ದದ್ದು ಆವೃತ್ತಿಯಲ್ಲಿ ಅಲ್ಲ, ಕೈಗೆ ಸಿಗುವ ಲೆನ್ಸಿನ ಸ್ಥಿತಿಯಲ್ಲಿ. ಮೊದಲು ನೋಡಿದ್ದು ಹೊರಗಿನಿಂದ ಹೊಸದರಂತೆಯೇ ಇತ್ತು; ಆದರೆ ಮೌಂಟಿನ (ಲೆನ್ಸು ಕ್ಯಾಮೆರಾಕ್ಕೆ ಕೂರುವ ಬಳೆಯ) ಸ್ಕ್ರೂಗಳ ತಲೆಯ ಮೇಲೆ ಗೀರುಗಳಿದ್ದವು ಮತ್ತು ಚಿತ್ರದ ಬಲಭಾಗ ಎಫ್11ಕ್ಕೆ ಹೋದರೂ ಚುರುಕಾಗಲಿಲ್ಲ. ಎಲ್ಲೋ ಬಿದ್ದು ಬಿಚ್ಚಿ ಜೋಡಿಸಿದ ಲೆನ್ಸ್ ಅದು. ರಿಪೇರಿಯವರು ಹನ್ನೆರಡು ಸಾವಿರದ ಆಸುಪಾಸು ಹೇಳಿ, ಸರಿಹೋಗುವ ಖಾತ್ರಿ ಕೊಡಲಿಲ್ಲ. ಮಲೆನಾಡಿನಿಂದ ಬಂದ ಇನ್ನೊಂದರ ಹಿಂದಿನ ಗಾಜಿನಲ್ಲಿ ಫಂಗಸ್ ಕೂತಿತ್ತು. ಬೆಂಗಳೂರಿಗೆ ಓಡಾಡಿದ ಬಸ್ ಖರ್ಚು, ಕೈಬಿಟ್ಟುಹೋದ ಮುಂಗಡ ಎಲ್ಲ ಸೇರಿ ಐದಾರು ಸಾವಿರ ಹೀಗೆಯೇ ಹೋಯಿತು. ಕೊನೆಗೆ ಒಪ್ಪಿದ್ದಕ್ಕೆ ನಲವತ್ತು ಸಾವಿರದ ಹತ್ತಿರ ಕೊಟ್ಟೆನೆಂದು ನೆನಪು. ಹೊಸ ಮೂರನೆಯದರ ಬೆಲೆ ಆಗ ಲಕ್ಷವನ್ನು ಚೆನ್ನಾಗಿಯೇ ದಾಟಿತ್ತು. ಉಳಿದ ಹಣದಲ್ಲಿ ಎರಡು ಫ್ಲ್ಯಾಶ್ ಬಂದವು, ಮತ್ತು ಕೆಲಸದಲ್ಲಿ ಕಾಣುವಂಥ ವ್ಯತ್ಯಾಸ ಮಾಡಿದ್ದು ಅವೇ.

ನನ್ನ ಪರೀಕ್ಷೆ ಇಷ್ಟೇ. ದೂರದ ಮೊಬೈಲ್ ಟವರನ್ನು ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಪರದೆಯ ಮೇಲೆ, ಹತ್ತರಷ್ಟು ಹಿಗ್ಗಿಸಿ ಚೌಕಟ್ಟಿನ ನಡುವೆ ಒಮ್ಮೆ ಮಾತ್ರ ಫೋಕಸ್ ಮಾಡಿ, ಆಮೇಲೆ ಫೋಕಸ್ ಮುಟ್ಟದೆ, ಪೂರ್ತಿ ತೆರೆದ ಅಪರ್ಚರಿನಲ್ಲಿ ಅದೇ ಟವರನ್ನು ನಾಲ್ಕು ಮೂಲೆಗೂ ತಂದು ಒಂದೊಂದು ಫೋಟೋ ತೆಗೆಯಬೇಕು. ನಾಲ್ಕೂ ಒಂದೇ ಸಮ ಮಸುಕಾಗಿದ್ದರೆ ಅದು ಆ ಲೆನ್ಸಿನ ಸ್ವಭಾವವೆಂದು ಒಪ್ಪಬಹುದು; ಒಂದೇ ಮೂಲೆ ಕೆಟ್ಟಿದ್ದರೆ ಒಳಗಿನ ಗಾಜು ವಾಲಿದೆ ಎಂದು ತಿಳಿದು ಮುಂಗಡ ಕೊಡದೆ ಎದ್ದು ಬರಬೇಕು. ಇದನ್ನೇ 35ರಲ್ಲಿಯೂ ಮಾಡಬೇಕು, ಮಾರುವವರು ತೋರಿಸುವುದು 16ರಲ್ಲಿ ಮಾತ್ರ. ಗುಂಪು ಫೋಟೋಗೆ ನಾನು ಎಷ್ಟನೆಯ ಸಾಲಿನ ಯಾರ ಮೇಲೆ ಫೋಕಸ್ ಇಡುತ್ತೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಮೂಲೆಗಳು ಒಪ್ಪವಾಗುವುದು ಅರ್ಧ ಅದರಿಂದಲೇ.

ನಡುವೆ 2014ರ 16-35 ಎಫ್4 ಐಎಸ್ (ನಮ್ಮ ಕೈಯ ನಡುಕವನ್ನು ಸರಿದೂಗಿಸುವ ವ್ಯವಸ್ಥೆಯ) ಲೆನ್ಸನ್ನೂ ಬಾಡಿಗೆಗೆ ತಂದು ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ನೋಡಿದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಪ್ರತ್ಯೇಕ ಅನುಮತಿ ಬೇಕಾಗುವುದರಿಂದ ನವರಂಗದ ಕತ್ತಲೆಯಲ್ಲಿ ಆ ಐಎಸ್ ದೊಡ್ಡ ಉಪಕಾರ ಮಾಡಿತು. ಕಾಲು ಸೆಕೆಂಡಿನಲ್ಲಿಯೂ ಕಂಬಗಳ ತಿರುವುಗಳು ಚೊಕ್ಕವಾಗಿ ಬಂದವು. ಆದರೆ ಕಲ್ಲು ಅಲುಗಾಡುವುದಿಲ್ಲ, ಮದುವೆಯಲ್ಲಿ ಧಾರೆ ಎರೆಯುವ ಕೈ ಅಲುಗಾಡುತ್ತದೆ; ಅದನ್ನು ಐಎಸ್ ತಡೆಯಲಾರದು. ಬರಿಯ ದೇವಾಲಯ ತೆಗೆಯುವವರಾಗಿದ್ದರೆ ಕಣ್ಣುಮುಚ್ಚಿ ಅದನ್ನೇ ಕೊಳ್ಳಿ ಎನ್ನುತ್ತೇನೆ.

ಫಿಲ್ಟರಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮೊದಲ ಆವೃತ್ತಿಗೆ ಹಿಡಿಸುವ ಫಿಲ್ಟರಿನ ಅಗಲ 77 ಎಂಎಂ, ಎರಡನೆಯದಕ್ಕೆ ಮತ್ತು ಮೂರನೆಯದಕ್ಕೆ 82. ನನ್ನ ಹಳೆಯ 77ರ ಫಿಲ್ಟರುಗಳನ್ನು ರಿಂಗ್ ಹಾಕಿ ಕೂರಿಸಿ ನೋಡಿದೆ, 16ರಲ್ಲಿ ಮೂಲೆಗಳು ಕಪ್ಪಾದವು. ಇನ್ನು ಎರಡನೆಯದರ ಅಪರ್ಚರಿನಲ್ಲಿ ಕಿಂಡಿಯನ್ನು ಕಿರಿದಾಗಿಸುವ ಏಳು ಬ್ಲೇಡುಗಳಿರುವುದರಿಂದ ಎಫ್16ರಲ್ಲಿ ಸೀರಿಯಲ್ ಸೆಟ್ಟಿನ ಬಲ್ಬುಗಳಿಗೆ ಹದಿನಾಲ್ಕು ಕಿರಣ ಬರುತ್ತವೆ, ಒಂಬತ್ತು ಬ್ಲೇಡಿನ ಮೂರನೆಯದರಲ್ಲಿ ಹದಿನೆಂಟು. ನನ್ನ ಕಣ್ಣಿಗೆ ಹದಿನಾಲ್ಕೇ ಚೆಂದ.

ಅನುಮಾನದವರಿಗಾಗಿ ಎರಡನೆಯ ಮತ್ತು ಮೂರನೆಯ ಆವೃತ್ತಿಗಳೆರಡರಿಂದಲೂ ಒಂದೇ ಸ್ಟೇಜನ್ನು ಎಫ್8ರಲ್ಲಿ ತೆಗೆದು, ಆಲ್ಬಮಿನ 12×36 ಇಂಚಿನ ಅಳತೆಯಲ್ಲಿ ಹೆಸರಿಲ್ಲದೆ ಪ್ರಿಂಟ್ ಹಾಕಿಸಿ ಮೇಜಿನ ಮೇಲಿಟ್ಟೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದವರು ನನ್ನ ಹಳೆಯದನ್ನೇ ಹೊಸದೆಂದು ಬೆರಳಿಟ್ಟು ತೋರಿಸಿದರು. ನನ್ನದು ಮೂವತ್ತು ಮೆಗಾಪಿಕ್ಸೆಲ್ಲಿನ 5ಡಿ ಮಾರ್ಕ್ 4; ಐವತ್ತರ 5ಡಿಎಸ್ ಇಟ್ಟುಕೊಂಡವರಿಗೆ ಇದೇ ಮಾತು ಹೇಳಲಾರೆ.

ರಾತ್ರಿಯ ಆಕಾಶಕ್ಕೆ ಮಾತ್ರ ನನ್ನ ಲೆನ್ಸ್ ಸಾಲದು. ತೆರೆದ ಅಪರ್ಚರಿನಲ್ಲಿ ಮೂಲೆಯ ನಕ್ಷತ್ರಗಳು ರೆಕ್ಕೆ ಬಿಚ್ಚುತ್ತವೆ, ಮೂರನೆಯದರಲ್ಲಿ ಬಹುಮಟ್ಟಿಗೆ ಚುಕ್ಕಿಯಾಗಿಯೇ ಉಳಿಯುತ್ತವೆ. ಅಂಥ ಕೆಲಸ ಬಂದಾಗ ಮೂರನೆಯದನ್ನು ದಿನಕ್ಕೆ ಸಾವಿರದೈನೂರರ ಆಸುಪಾಸಿನಲ್ಲಿ ಬಾಡಿಗೆಗೆ ತರುತ್ತೇನೆ ಮತ್ತು ಆ ಮೊತ್ತವನ್ನು ಗಿರಾಕಿಯ ಬಿಲ್ಲಿಗೇ ಸೇರಿಸುತ್ತೇನೆ.