ಕಾರು ಖುಷಿ ಕೊಡಬೇಕು ಅಂದರೆ

ನಾನು ಬೆಂಗಳೂರಿನ ವಿಜಯನಗರದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತೇನೆ. ಕಲಿಯಲು ಬರುವವರಲ್ಲಿ ಹೆಂಗಸರೇ ಜಾಸ್ತಿ. ಕ್ಲಾಸು ಮುಗಿಯುವ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲರೂ ಒಂದೇ ಮಾತು ಕೇಳುತ್ತಾರೆ: "ಅಕ್ಕ, ಕಾರು ತಗೊಂಡ್ರೆ ನಿಜವಾಗ್ಲೂ ಖುಷಿ ಇರುತ್ತಾ? ಈ ಟ್ರಾಫಿಕ್‌ನಲ್ಲಿ ಸುಮ್ನೆ ತಲೆನೋವಾ?" ಕಾರು ಖುಷಿ ಕೊಡುತ್ತದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಎಲ್ಲ ಓಡಾಟದಲ್ಲೂ ಕೊಡುವುದಿಲ್ಲ. ಯಾವ ಓಡಾಟದಲ್ಲಿ ಕೊಡುತ್ತದೆ ಅಂತ ಮೊದಲೇ ತಿಳಿದುಕೊಂಡು, ಅದಕ್ಕೆ ತಕ್ಕ ಕಾರು ಕೊಂಡು, ಅಂಥ ಕಡೆಗೇ ಜಾಸ್ತಿ ಓಡಿಸಬೇಕು.

ಶೋರೂಮಿಗೆ ಹೋಗುವ ಮುಂಚೆ

ಒಂದು ಹಾಳೆ ತಗೊಳ್ಳಿ. ಕಾರಿಲ್ಲ ಅಂತ ಕಳೆದ ಒಂದು ವರ್ಷದಲ್ಲಿ ಎಲ್ಲೆಲ್ಲಿಗೆ ಹೋಗುವುದನ್ನು ಬಿಟ್ಟಿರಿ, ಬರೆಯಿರಿ. ಅಮ್ಮನಿಗೆ ಮಂಡಿನೋವು ಅಂತ ತಪ್ಪಿಸಿಕೊಂಡ ಊರಹಬ್ಬ. ಕೂಸು ಚಿಕ್ಕದು ಅಂತ ಹೋಗದ ಮದುವೆ. ರಾತ್ರಿ ವಾಪಸ್ ಬರಲು ಬಸ್ ಸಿಗಲ್ಲ ಅಂತ ನೋಡದೆ ಉಳಿದ ನಾಟಕ. ಪ್ರತಿಯೊಂದರ ಪಕ್ಕದಲ್ಲಿ, ನಿಮ್ಮ ಜೊತೆ ಯಾರು ಬರುತ್ತಿದ್ದರು ಅಂತ ಅವರ ಹೆಸರೂ ಬರೆಯಿರಿ. ಹಾಳೆ ತುಂಬಿದರೆ ನಿಮಗೆ ಕಾರು ಬೇಕು. "ಆಫೀಸ್" ಅಂತ ಒಂದೇ ಸಾಲು ಇದ್ದರೆ ಸ್ವಲ್ಪ ತಡೆಯಿರಿ.

ಯಾಕೆಂದರೆ ಆಫೀಸಿನ ದಾರಿಯಲ್ಲಿ ಖುಷಿ ಸಿಗುವುದು ಬಹಳ ಕಷ್ಟ. ಸೈಕಾಲಜಿ ಓದುತ್ತಿರುವ ನನ್ನ ಮಗಳು ಇದರ ಬಗ್ಗೆ ಎರಡು ಅಧ್ಯಯನ ತೋರಿಸಿದಳು. ಒಂದು 2004ರದ್ದು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅವರ ಸಂಗಡಿಗರು ಟೆಕ್ಸಸ್‌ನಲ್ಲಿ ಕೆಲಸಕ್ಕೆ ಹೋಗುವ 909 ಹೆಂಗಸರ ಕೈಯಲ್ಲಿ ಬರೆಸಿದ್ದರು: ನಿನ್ನೆ ಯಾವ ಹೊತ್ತಿಗೆ ಏನು ಮಾಡುತ್ತಿದ್ದಿರಿ, ಆಗ ಮನಸ್ಸು ಹೇಗಿತ್ತು? ಕೆಲಸಕ್ಕೆ ಹೋಗಿ ಬರುವ ಹೊತ್ತು, ಅದರಲ್ಲೂ ಬೆಳಗಿನದ್ದು, ಪಟ್ಟಿಯ ತೀರಾ ಕೆಳಗಿತ್ತು. ಇನ್ನೊಂದು 2011ರದ್ದು, ನಾರ್ಬರ್ಟ್ ಶ್ವಾರ್ಜ್ ಮತ್ತು ಜಿಂಗ್ ಶು ಬರೆದದ್ದು. ದುಬಾರಿ ಕಾರಿನವರು ತಮ್ಮ ಕಾರನ್ನು ನೆನೆಸಿಕೊಂಡಾಗ ಖುಷಿಪಡುತ್ತಾರೆ. ದಿನದ ಓಡಾಟದಲ್ಲಿ ಮಾತ್ರ ಅಗ್ಗದ ಕಾರಿನವರಿಗಿಂತ ಅವರಿಗೆ ಹೆಚ್ಚಿನ ಖುಷಿಯೇನೂ ಇರಲಿಲ್ಲ. ಓಡಿಸುವ ಆಸೆಗೆಂದೇ ಹೊರಟಾಗ ವ್ಯತ್ಯಾಸ ಕಂಡಿತು.

ಇದು ನನಗೆ ಸರಿ ಅನಿಸುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ನಿಂತಿರುವಾಗ ನಮ್ಮ ಗಮನ ಮುಂದಿನ ಬಸ್ಸಿನ ಮೇಲೆ, ಎಡಗಡೆಯಿಂದ ನುಗ್ಗುವ ಬೈಕಿನ ಮೇಲೆ, ತಡವಾಗುತ್ತಿರುವ ಮೀಟಿಂಗ್ ಮೇಲೆ ಇರುತ್ತದೆ. ಸೀಟು ಎಷ್ಟು ಮೆತ್ತಗಿದೆ ಅಂತ ಯಾರಿಗೆ ಗೊತ್ತಾಗುತ್ತದೆ, ಹೇಳಿ?

ಹಾಗಾಗಿ ಕಾರಿದ್ದರೂ ಆಫೀಸಿಗೆ ಸಾಧ್ಯವಾದಷ್ಟು ಮೆಟ್ರೋದಲ್ಲೇ ಹೋಗಿ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ದಾಟಲು ಸರಾಸರಿ 34 ನಿಮಿಷ ಬೇಕು. ವಿಜಯನಗರದಿಂದ ವೈಟ್‌ಫೀಲ್ಡಿಗೆ ಕಾರಿನಲ್ಲಿ ಹೋಗುವವರು ಇಡೀ ಊರನ್ನೇ ಸೀಳಿಕೊಂಡು ಹೋಗಬೇಕು. 2023ರ ಅಕ್ಟೋಬರ್‌ನಿಂದ ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಇದೆ, ರೈಲು ಬದಲಿಸುವ ಕೆಲಸವೇ ಇಲ್ಲ. 2025ರ ಆಗಸ್ಟ್‌ನಿಂದ ಆರ್.ವಿ. ರೋಡ್–ಬೊಮ್ಮಸಂದ್ರ ಹಳದಿ ಮಾರ್ಗವೂ ಓಡುತ್ತಿದೆ. ದುಡ್ಡು ಕೊಟ್ಟು ತಂದ ಕಾರು ವಾರವಿಡೀ ಸುಮ್ನೆ ನಿಂತಿದೆಯಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿದರೆ ಬ್ಯಾಟರಿ ಇಳಿಯುವುದಿಲ್ಲ.

ಇನ್ನೂ ಅನುಮಾನ ಇದ್ದರೆ ಒಂದು ವಾರಾಂತ್ಯಕ್ಕೆ ಸೆಲ್ಫ್ ಡ್ರೈವ್ ಕಾರು ಬಾಡಿಗೆಗೆ ತಗೊಳ್ಳಿ. ಅದರ ನಂಬರ್ ಪ್ಲೇಟು ಕಪ್ಪಗಿದ್ದು ಅಕ್ಷರ ಹಳದಿ ಇರಬೇಕು. ಗುರುತಿನವರ ಬಿಳಿ ಬೋರ್ಡ್ ಕಾರಿಗೆ, ಅಂದರೆ ಸ್ವಂತ ಬಳಕೆಯ ಕಾರಿಗೆ, ಬಾಡಿಗೆ ಕೊಟ್ಟು ಓಡಿಸಬೇಡಿ, ಅಪಘಾತವಾದರೆ ಇನ್ಶೂರೆನ್ಸ್‌ನವರು ಕೈಯೆತ್ತಿಬಿಡಬಹುದು. ಹಾಳೆಯಲ್ಲಿ ಬರೆದ ಒಂದು ಜಾಗಕ್ಕೆ, ಬರೆದ ಜನರನ್ನೇ ಕರೆದುಕೊಂಡು ಹೋಗಿ ಬನ್ನಿ. ಬಂದ ಮೇಲೆ ಅವರ ಮುಖ ನೋಡಿ, ನಿಮ್ಮ ಬೆನ್ನನ್ನೂ ಒಮ್ಮೆ ವಿಚಾರಿಸಿ.

ದುಡ್ಡು

ಜಾಹೀರಾತಿನಲ್ಲಿ ಕಾಣುವುದು ಎಕ್ಸ್ ಶೋರೂಮ್ ಬೆಲೆ, ಅದರಲ್ಲಿ ಲೈಫ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರಿರುವುದಿಲ್ಲ. ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್, ಅಂದರೆ ಕಾರು ನೋಂದಾಯಿಸುವಾಗ ಒಂದೇ ಸಲ ಕಟ್ಟುವ ತೆರಿಗೆ, ಜಾಸ್ತಿ. 5ರಿಂದ 10 ಲಕ್ಷದ ಪೆಟ್ರೋಲ್ ಕಾರಿಗೆ ಶೇ 14, ಅದರ ಮೇಲೆ 20 ಲಕ್ಷದವರೆಗೆ ಶೇ 17, ಜೊತೆಗೆ ಸೆಸ್. 8 ಲಕ್ಷದ ಕಾರು ಅಂದರೆ ಟ್ಯಾಕ್ಸೇ 1 ಲಕ್ಷ 12 ಸಾವಿರ ಆಯಿತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿರುವುದು ಸ್ವಲ್ಪ ಸಮಾಧಾನ. ಯಾವಾಗಲೂ ಇದೆಲ್ಲ ಸೇರಿದ ಆನ್ ರೋಡ್ ಬೆಲೆಯನ್ನೇ ಬರೆಸಿಕೊಳ್ಳಿ. ಇಎಂಐ ಕಟ್ಟಿದ ಮೇಲೆ ಪೆಟ್ರೋಲಿಗೆ, ಊರಿಗೆ ಹೋಗುವ ಖರ್ಚಿಗೆ ಕೈಯಲ್ಲಿ ಉಳಿಯುತ್ತದಾ ನೋಡಿ. ಕಂತು ಕಟ್ಟಿಯೇ ಸುಸ್ತಾಗಿ, ಕಾರನ್ನು ಕವರ್ ಹೊದಿಸಿ ನಿಲ್ಲಿಸಿರುವ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಪಾರ್ಕಿಂಗ್ ಇಲ್ಲದ ಮನೆಯಾದರೆ ಇನ್ನೊಮ್ಮೆ ಯೋಚಿಸಿ. ಗೇಟಿನ ಮುಂದೆ ನಿಲ್ಲಿಸಿದ್ದಕ್ಕೆ ಪಕ್ಕದ ಮನೆಯವರ ಜೊತೆ ಮಾತು ಬಿಟ್ಟುಹೋದರೆ ಆ ನೋವನ್ನು ಯಾವ ಕಾರೂ ತುಂಬಿಕೊಡುವುದಿಲ್ಲ.

ಯಾವ ಕಾರು

ಓಡಿಸುವವರಿಗಿಂತ ಮೊದಲು, ಕೂರುವವರನ್ನು ನೋಡಿ ಆರಿಸಿ. ನಮ್ಮನೆಯಲ್ಲಿರುವುದು ಸೆಕೆಂಡ್ ಹ್ಯಾಂಡ್ ವ್ಯಾಗನ್ ಆರ್. ಅದನ್ನು ಆರಿಸಿದ್ದು ನಮ್ಮಮ್ಮ. ಅದರ ಸೀಟು ಸೊಂಟದ ಎತ್ತರಕ್ಕಿದೆ, ಮಂಡಿ ಬಗ್ಗಿಸಿ ಕೆಳಗೆ ಇಳಿಯಬೇಕಿಲ್ಲ, ಎತ್ತರದ ಜೀಪಿಗೆ ಹತ್ತುವ ಹಾಗೆ ಕಾಲೆತ್ತಬೇಕಿಲ್ಲ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಅವರನ್ನೇ ಶೋರೂಮಿಗೆ ಕರೆದುಕೊಂಡು ಹೋಗಿ. ಯಾರೂ ಕೈ ಹಿಡಿಯದೆ ಹಿಂದಿನ ಸೀಟಿಗೆ ಹತ್ತಲಿ, ಇಳಿಯಲಿ. ವಾಕರ್ ಇದ್ದರೆ ಡಿಕ್ಕಿಗೆ ಹಾಕಿ ನೋಡಿ. ಸೇಲ್ಸ್‌ನವರು ಟಚ್ ಸ್ಕ್ರೀನ್, ಸನ್‌ರೂಫ್ ಅಂತ ಹೇಳುತ್ತಿರುತ್ತಾರೆ, ಹೇಳಲಿ ಬಿಡಿ.

ಟೆಸ್ಟ್ ಡ್ರೈವ್‌ಗೆ ಅವರು ನೇರವಾದ ನುಣುಪು ರಸ್ತೆಗೆ ಕರೆದೊಯ್ಯುತ್ತಾರೆ. ಒಂದು ಹಂಪ್ ಇರುವ ಅಡ್ಡರಸ್ತೆ, ಒಂದು ಏರು, ಒಂದು ಸಣ್ಣ ಗಲ್ಲಿಯಲ್ಲಿ ರಿವರ್ಸ್, ಈ ಮೂರನ್ನು ಕೇಳಿ ಮಾಡಿ. ದಿನಾ ನೀವು ಓಡಾಡುವುದು ಅಂಥ ಕಡೆಯೇ.

ಹೊಸಬರಿಗೆ ಸೆಕೆಂಡ್ ಹ್ಯಾಂಡ್ ಕಾರೇ ಒಳ್ಳೆಯದು ಎನ್ನುತ್ತೇನೆ. ಗೀಚು ಬಿದ್ದರೆ ಅಷ್ಟು ಹೊಟ್ಟೆ ಉರಿಯುವುದಿಲ್ಲ, ಧೈರ್ಯವಾಗಿ ಓಡಿಸುತ್ತೀರಿ. ಕೊಳ್ಳುವಾಗ ಮೆಕ್ಯಾನಿಕ್‌ನ ಕರೆದುಕೊಂಡು ಹೋಗಿ. ಕೆಲವನ್ನು ನೀವೇ ನೋಡಬಹುದು. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ: 2319 ಅಂತಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆಯಿರಿ. ಒಳಗಿನ ಭಾಗದಲ್ಲಿ ಕೆಸರಿನ ಕಲೆ ಇದ್ದರೆ, ಮ್ಯಾಟಿನ ಕೆಳಗೆ ಮುಗ್ಗಲು ವಾಸನೆ ಬಂದರೆ, ಅದು ನೀರಲ್ಲಿ ಮುಳುಗಿದ ಕಾರಿರಬಹುದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಎಷ್ಟೋ ಕಾರು ಮುಳುಗಿದ್ದವು. ಹಳೆಯ ಓನರ್ ಸಾಲ ತೀರಿಸಿದ್ದಾರಾ, ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಬ್ಯಾಂಕಿನ ಹೆಸರು ತೆಗೆಸಿದ್ದಾರಾ, ಟ್ರಾಫಿಕ್ ದಂಡ ಬಾಕಿ ಇದೆಯಾ, ಇವನ್ನು ಅಡ್ವಾನ್ಸ್ ಕೊಡುವ ಮುಂಚೆಯೇ ನೋಡಿ.

ಕೀ ಯಾರ ಕೈಯಲ್ಲಿ

ನನಗೆ ತುಂಬಾ ಮುಖ್ಯವಾದ ವಿಷಯ ಇದು. ಕಾರು ಇರುವ ಮನೆಯಲ್ಲಿ ಖುಷಿ ಎಷ್ಟಿದೆ ಅನ್ನುವುದು, ಆ ಕಾರನ್ನು ಎಷ್ಟು ಜನ ಓಡಿಸಬಲ್ಲರು ಅನ್ನುವುದರ ಮೇಲೆ ನಿಂತಿದೆ. ಲೈಸೆನ್ಸ್ ಬೀರುವಿನಲ್ಲಿ ಇಟ್ಟುಕೊಂಡು, "ಅವರು ಬರ್ಲಿ, ಆಮೇಲೆ ಹೋಗೋಣ" ಅಂತ ಕಾಯುವ ಎಷ್ಟೋ ಹೆಂಗಸರನ್ನು ನೋಡಿದ್ದೇನೆ. ಮೂಡಲಪಾಳ್ಯದಿಂದ ಒಬ್ಬರು ಬರುತ್ತಿದ್ದರು. ಬ್ಯಾಂಕಿನಲ್ಲಿ ಕೆಲಸ. ಮನೆಯಲ್ಲಿ ಕಾರು ಬಂದು ಬಹಳ ವರ್ಷ ಆಗಿದ್ದರೂ ಅವರು ಸ್ಟೇರಿಂಗ್ ಮುಟ್ಟಿರಲಿಲ್ಲ. ಕಲಿತ ಮೇಲೆ ಒಂದು ಭಾನುವಾರ ಫೋನ್ ಮಾಡಿದರು. "ಅಕ್ಕ, ಅಮ್ಮನ್ನ ಶಿವಗಂಗೆಗೆ ನಾನೇ ಕರ್ಕೊಂಡು ಬಂದಿದೀನಿ." ಹಿಂದಿನಿಂದ ಅವರ ಅಮ್ಮ ಯಾರಿಗೋ "ನನ್ ಮಗಳೇ ಓಡಿಸ್ಕೊಂಡು ಬಂದ್ಲು" ಅಂತ ಹೇಳುವುದೂ ಕೇಳಿಸಿತು. ಕಾರು ಖುಷಿ ಕೊಡುತ್ತದೆ ಅಂತ ನಾನು ಹೇಳುವುದು ಇಂಥದ್ದನ್ನು ನೋಡಿಯೇ.

ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಸಿಕ್ಕಿ 30 ದಿನ ಆದ ಮೇಲೆ ಡಿಎಲ್ (ಪೂರ್ತಿ ಲೈಸೆನ್ಸ್) ಟೆಸ್ಟ್ ಕೊಡಬಹುದು. ಆದರೆ ಲೈಸೆನ್ಸ್ ಬಂದ ಮಾತ್ರಕ್ಕೆ ಓಡಿಸಲು ಬರುವುದಿಲ್ಲ. ನಮ್ಮ ಸ್ಕೂಲ್ ಕಾರಿನಲ್ಲಿ ನನ್ನ ಕಾಲಿನ ಕೆಳಗೂ ಕ್ಲಚ್, ಬ್ರೇಕ್ ಇರುತ್ತದೆ. ನಿಮಗೆ ಗೊತ್ತಾಗದ ಹಾಗೆ ನಾನು ಎಷ್ಟೋ ಸಲ ಒತ್ತಿರುತ್ತೇನೆ. ಹಾಗಾಗಿ ಸ್ವಂತ ಕಾರಿನಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಿ.

ಭಾನುವಾರ ಬೆಳಗ್ಗೆ ಆರು ಗಂಟೆಗೆ ಮನೆ ಸುತ್ತಲಿನ ರಸ್ತೆ. ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಹೋಗಿ, ಬೇಜಾರು ಬರುವವರೆಗೂ. ಆಮೇಲೆ ಅದೇ ದಾರಿ, ಸಂಜೆ ಹೊತ್ತು. ನಂತರ ಏರು. ಬೆಂಗಳೂರಿನ ರಸ್ತೆಗಳು ಏರಿಳಿತದವು, ಏರಿನಲ್ಲಿ ಸಿಗ್ನಲ್ ಬಿದ್ದರೆ ಹೊಸಬರ ಕೈಕಾಲು ತಣ್ಣಗಾಗುತ್ತದೆ. ಟ್ರಾಫಿಕ್ ಇಲ್ಲದ, ಏರು ಇರುವ ಒಂದು ಅಡ್ಡರಸ್ತೆ ಹುಡುಕಿ. ಹ್ಯಾಂಡ್ ಬ್ರೇಕ್ ಎಳೆಯಿರಿ, ಫಸ್ಟ್ ಗೇರ್ ಹಾಕಿ, ಕ್ಲಚ್ಚನ್ನು ನಿಧಾನಕ್ಕೆ ಬಿಡಿ. ಬಾನೆಟ್ ಒಂಚೂರು ಮೇಲೇಳುತ್ತದೆ, ಇಂಜಿನ್ ಶಬ್ದ ಭಾರವಾಗುತ್ತದೆ. ಅಲ್ಲಿ ಕ್ಲಚ್ ಹಿಡಿದು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಹ್ಯಾಂಡ್ ಬ್ರೇಕ್ ಬಿಡಿ. ಕಾರು ಹಿಂದೆ ಜಾರದೆ ಮುಂದೆ ಹೋದ ದಿನ ನಿಮ್ಮ ಅರ್ಧ ಹೆದರಿಕೆ ಹೋಗುತ್ತದೆ. ಸಿಗ್ನಲ್‌ನಲ್ಲಿ ಮಾತ್ರ ಹಾಗೆ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದು (ಹಾಫ್ ಕ್ಲಚ್‌ನಲ್ಲಿ) ನಿಲ್ಲಬೇಡಿ, ಕ್ಲಚ್ ಪ್ಲೇಟ್ ಸುಡುತ್ತದೆ. ನ್ಯೂಟ್ರಲ್‌ಗೆ ತಂದು ಹ್ಯಾಂಡ್ ಬ್ರೇಕ್ ಹಾಕಿ.

ಪಕ್ಕದ ಸೀಟಿನಲ್ಲಿ ಕೂರುವವರನ್ನು ನೋಡಿಕೊಂಡು ಆರಿಸಿ. ಲೈಸೆನ್ಸ್ ಇರಬೇಕು, ಕೂಗಾಡಬಾರದು. ಯಜಮಾನರು ಬೈಯುತ್ತಾರೆ ಅಂದರೆ ತಮ್ಮನನ್ನೋ ಗೆಳತಿಯನ್ನೋ ಕೂರಿಸಿಕೊಳ್ಳಿ. ಬೈಸಿಕೊಂಡು ಕಲಿತವರು ಮುಂದೆ ಓಡಿಸುವುದನ್ನೇ ಬಿಟ್ಟುಬಿಡುತ್ತಾರೆ. ಇದನ್ನು ಗಂಡಸರು ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಕು.

ಮೊದಲ ದಾರಿಗಳು

ಹೊಸ ಕಾರು ತಂದವರು ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯಲ್ಲಿ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹರಿಸಿ ಮನೆಗೆ ಬರುತ್ತಾರೆ. ಎಷ್ಟೋ ಜನರ ಖುಷಿ ಆ ದಿನಕ್ಕೇ ಮುಗಿದುಹೋಗುತ್ತದೆ. ಮುಂದಿನ ವಾರವೇ ಒಂದು ಸಣ್ಣ ದಾರಿಗೆ ಹೊರಡಿ. ನಮ್ಮ ಕಡೆಯವರಿಗೆ ಮಾಗಡಿ ರಸ್ತೆ ಹೇಳಿ ಮಾಡಿಸಿದ್ದು. ಆರಕ್ಕೆ ಬಿಟ್ಟರೆ ಸುಂಕದಕಟ್ಟೆ, ಬ್ಯಾಡರಹಳ್ಳಿ ಎಲ್ಲ ಖಾಲಿ. ತಾವರೆಕೆರೆ ದಾಟಿದ ಮೇಲೆ ಹೊಲ, ಮರ, ಸಾವನದುರ್ಗದ ಬಂಡೆ. ಮಾಗಡಿಯಲ್ಲಿ ತಿಂಡಿ ತಿಂದು, ಸೋಮೇಶ್ವರನ ಗುಡಿ ನೋಡಿ, ಬಿಸಿಲೇರುವ ಮುಂಚೆ ವಾಪಸ್ ಬರಬಹುದು.

ಮೈಸೂರಿನ ಕಡೆಗಾದರೆ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಬೇಗ ತಲುಪಿಸುತ್ತದೆ. ಅಲ್ಲಿ ಮಿತಿ ಗಂಟೆಗೆ 100 ಕಿ.ಮೀ. ಆದರೆ ಅದು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಅವಸರ ಇಲ್ಲದ ದಿನ ಊರೊಳಗಿನ ಹಳೆಯ ರಸ್ತೆ ಹಿಡಿಯಿರಿ. ಬಿಡದಿಯಲ್ಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ಮಕ್ಕಳಿಗೆ ಮರದ ಬೊಂಬೆ, ಮದ್ದೂರಿನಲ್ಲಿ ವಡೆ. ಬೇಕಾದಲ್ಲಿ ನಿಲ್ಲಿಸುವ ಸ್ವಾತಂತ್ರ್ಯ ಬಸ್ಸಿನಲ್ಲಿ ಇಲ್ಲ, ಅದನ್ನು ಚೆನ್ನಾಗಿ ಬಳಸಿಕೊಳ್ಳಿ. ಎಲ್ಲಿಗೆ ಹೋದರೂ ಅರ್ಧ ಗಂಟೆ ಮುಂಚೆ ಬಿಡಿ. ಫೋನು ಹಿಂದಿನ ಸೀಟಿನವರ ಕೈಯಲ್ಲಿರಲಿ. ಹಿಂದೆ ಕೂತವರೂ ಬೆಲ್ಟ್ ಹಾಕಬೇಕು, ಅಮ್ಮ ಬೇಡ ಅಂದರೂ.

ಖುಷಿ ಬರದಿದ್ದರೆ

ವರ್ಷ ಕಳೆದ ಮೇಲೆ ಆ ಹಾಳೆಯನ್ನು ಮತ್ತೆ ತೆಗೆಯಿರಿ. ಬರೆದಿದ್ದ ಕಡೆಗೆಲ್ಲ ಹೋಗೇ ಇಲ್ಲ, ಕಾರು ಅಂದರೆ ಸಿಡಿಮಿಡಿ ಅನ್ನುವ ಹಾಗಾಗಿದ್ದರೆ ಮಾರಿಬಿಡಿ. ಅದರಲ್ಲಿ ಅವಮಾನ ಏನೂ ಇಲ್ಲ. ತಿಂಗಳಿಗೆ ಕೆಲವು ಸಲ ಕ್ಯಾಬ್ ಮಾಡಿಕೊಂಡು ಅಮ್ಮನ ಜೊತೆ ಹಿಂದೆ ಕೂತು ಮಾತಾಡುತ್ತಾ ಹೋಗುವುದೂ ಸುಖವೇ. ಮಾರುವಾಗ ಹೆಸರು ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೊಟ್ಟು ಸುಮ್ನಾಗಬೇಡಿ. ಆರ್‌ಸಿ ಕೊಂಡವರ ಹೆಸರಿಗೆ ಬದಲಾಗುವವರೆಗೂ ಬೆನ್ನು ಹತ್ತಿ, ಇಲ್ಲವಾದರೆ ಅವರ ದಂಡವೆಲ್ಲ ನಿಮ್ಮ ಹೆಸರಿಗೆ ಬರುತ್ತದೆ. ಇನ್ಶೂರೆನ್ಸ್‌ನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದೆ ಇದ್ದುದಕ್ಕೆ ಸಿಗುವ ರಿಯಾಯಿತಿ) ಕಾರಿಗೆ ಸೇರಿದ್ದಲ್ಲ, ನಿಮಗೆ ಸೇರಿದ್ದು. ಅದರ ಪತ್ರ ಕೇಳಿ ಇಟ್ಟುಕೊಳ್ಳಿ. ಮೂರು ವರ್ಷದೊಳಗೆ ಮತ್ತೆ ಕಾರು ಕೊಂಡರೆ ಅದು ನಡೆಯುತ್ತದೆ.