ಐದು ಸೊಲ್ಲು, ಮೂರು ವಾರ: ಬೆರಳು ಕಲಿಯುವಾಗ ಮಿದುಳಿನ ರಕ್ತವನ್ನು ಅಳೆದ ನನ್ನ ಅನುಭವ

ಕೈ ಪಳಗಿದಷ್ಟೂ ಮಿದುಳಿಗೆ ಹರಿಯುವ ಹೆಚ್ಚುವರಿ ರಕ್ತ ತಗ್ಗುತ್ತದೆ ಎಂಬುದನ್ನು, ತಲೆಗೆ ಹಾಕಿದ ಟೋಪಿಯಿಂದ ಬೆಳಕು ಹಾಯಿಸಿ ಮಿದುಳಿನ ರಕ್ತವನ್ನು ಅಳೆಯುವ ಹಳೆಯ ನಿಯರ್ ಇನ್‌ಫ್ರಾರೆಡ್ ಉಪಕರಣದಲ್ಲೇ ತೋರಿಸುತ್ತೇನೆಂದಾಗ ಪ್ರಯೋಗಾಲಯದಲ್ಲಿ ಯಾರೂ ನಂಬಲಿಲ್ಲ. ಕಪ್ಪು ದಟ್ಟ ಕೂದಲನ್ನು ದಾಟಿ ಬೆಳಕು ಒಳಗಿಳಿಯುವುದೇ ಇಲ್ಲವೆಂದು ಹಿರಿಯರೊಬ್ಬರು ಸಭೆಯಲ್ಲೇ ಹೇಳಿದರು. ಎಂಆರ್‌ಐಗೆ ಗಂಟೆಗೆ ಹತ್ತಿರ ಹತ್ತಿರ 10,000 ರೂಪಾಯಿ ತೆರುವ ಶಕ್ತಿ ನನಗಿರಲಿಲ್ಲವಾದ್ದರಿಂದ, ಕೈಯಲ್ಲಿದ್ದುದನ್ನೇ ನೆಚ್ಚಿಕೊಂಡೆ.

ತದಿಗಿಣತೊಂ ಎಂಬ ಐದು ಸೊಲ್ಲುಗಳಿಗೆ (ತಾಳದ ಉಚ್ಚಾರಗಳಿಗೆ) ಎಡಗೈಯ ಬೆರಳುಗಳನ್ನು ಹೊಂದಿಸಿ, ಬಲಗೈಯವರಾದ 14 ಮಂದಿಗೆ ದಿನಕ್ಕೆ 12 ನಿಮಿಷದಂತೆ ಮೂರು ವಾರ ಅಭ್ಯಾಸ ಮಾಡಿಸಿದೆ. ಮೊದಲ ತಂಡದ ದತ್ತಾಂಶವೆಲ್ಲ ಕಸದ ಬುಟ್ಟಿಗೆ ಹೋಯಿತು. ಐದು ಸೆಕೆಂಡು ಬೆರಳ ಬಡಿತ, ಐದು ಸೆಕೆಂಡು ವಿರಾಮ ಎಂದು ನಾನು ಇಟ್ಟಿದ್ದ ಆವರ್ತವು, ರಕ್ತದೊತ್ತಡವು ತಾನಾಗಿಯೇ ಸುಮಾರು ಹತ್ತು ಸೆಕೆಂಡಿಗೊಮ್ಮೆ ಏರಿಳಿಯುವ ಮೇಯರ್ ಅಲೆಗೆ ಸರಿಯಾಗಿ ಕೂತಿತ್ತು. ನಾನು ಕಲಿಕೆಯೆಂದು ಹಿಗ್ಗಿದ್ದು ಬರೀ ರಕ್ತದೊತ್ತಡ! ಸಹಾಯಕರ ಸಂಬಳ, ಬಂದವರ ಪ್ರಯಾಣಭತ್ಯೆ ಸೇರಿ 80,000 ರೂಪಾಯಿಯಷ್ಟು ಹೀಗೆ ಕರಗಿತು. ಆಮೇಲೆ ಬಡಿತವನ್ನು 20 ಸೆಕೆಂಡಿಗೆ ಹೆಚ್ಚಿಸಿ, ವಿರಾಮವನ್ನು 15ರಿಂದ 25 ಸೆಕೆಂಡಿನ ನಡುವೆ ಅಡ್ಡಾದಿಡ್ಡಿಯಾಗಿ ಹಂಚಿದೆ. ನೆತ್ತಿಯ ಚರ್ಮದ ರಕ್ತವನ್ನು ಲೆಕ್ಕದಿಂದ ಕಳೆಯಲು, ಬೆಳಕು ಬಿಡುವ ಮತ್ತು ಹಿಡಿಯುವ ಬಿಂದುಗಳ ನಡುವೆ ಮೂರು ಸೆಂಟಿಮೀಟರಿನ ಅಂತರವಿದ್ದ ಚಾನೆಲ್‌ಗಳ ಪಕ್ಕದಲ್ಲಿ ಚರ್ಮದ ರಕ್ತವನ್ನಷ್ಟೇ ಕಾಣುವ ಎಂಟು ಮಿಲಿಮೀಟರಿನವನ್ನೂ ಕೂರಿಸಿದೆ.

ಎರಡನೆಯ ತಪ್ಪು ಇನ್ನೂ ನಾಚಿಕೆಯದು. ಅಭ್ಯಾಸವಾದಂತೆ ಜನ ವೇಗವಾಗಿ ಬಡಿಯತೊಡಗಿದರು, ಬೆರಳು ಹೆಚ್ಚು ಆಡಿದಷ್ಟೂ ರಕ್ತವೂ ಏರಿತು. ಫಲಿತಾಂಶ ತಲೆಕೆಳಗಾಗಿ ಬಂತು. ಮೊದಲ ದಿನದ ವೇಗವನ್ನೇ, ಒಂದೇ ಲಯದಲ್ಲಿ ಟಿಕ್ಕೆನ್ನುವ ಮೆಟ್ರೋನೋಮಿನಿಂದ ಕಟ್ಟಿಹಾಕಿದ ಮೇಲೆ ಚಿತ್ರ ತಿಳಿಯಾಯಿತು. ಹಣೆಯ ಹಿಂದಿನ ಭಾಗದಲ್ಲಿ ಆಮ್ಲಜನಕಯುಕ್ತ ಹಿಮೋಗ್ಲೋಬಿನ್ನಿನ ಏರಿಕೆ ಮೂರನೆಯ ವಾರಕ್ಕೆ ಅರ್ಧದ ಆಸುಪಾಸಿಗೆ ಇಳಿಯಿತು; ಕೈಯನ್ನಾಡಿಸುವ ಮಿದುಳಿನ ಪಟ್ಟಿಯಲ್ಲಿ ಇಳಿಕೆ ತೀರ ಸಣ್ಣದು, ಇಬ್ಬರಲ್ಲಿ ಇಲ್ಲವೇ ಇಲ್ಲ.

ಇದನ್ನು ಶಕ್ತಿಯ ಉಳಿತಾಯವೆಂದು ನಾನು ಕರೆಯುವುದಿಲ್ಲ, ಏಕೆಂದರೆ ಮಿದುಳು ಶಕ್ತಿಗಾಗಿ ಬಳಸುವ ಗ್ಲೂಕೋಸನ್ನು ನಾನು ಅಳೆದಿಲ್ಲ. 1992ರಲ್ಲಿ ಅಮೆರಿಕದ ಮಿದುಳು ಸಂಶೋಧಕ ರಿಚರ್ಡ್ ಹೇಯರ್ ತಂಡ ಟೆಟ್ರಿಸ್ ಎಂಬ ಕಂಪ್ಯೂಟರ್ ಆಟವನ್ನು ಅಭ್ಯಾಸ ಮಾಡಿದವರಲ್ಲಿ ಪೆಟ್ ಸ್ಕ್ಯಾನಿನಿಂದ ಗ್ಲೂಕೋಸಿನ ಬಳಕೆಯನ್ನು ಅಳೆದು ಇಳಿಕೆಯನ್ನೇ ಕಂಡಿತ್ತು. 2013ರಲ್ಲಿ ಅಮೆರಿಕದ ನರವಿಜ್ಞಾನಿ ಪೀಟರ್ ಸ್ಟ್ರಿಕ್ ತಂಡ ಪಳಗಿಸಿದ ಕೋತಿಗಳಲ್ಲಂತೂ ನರಕೋಶಗಳ ಮಿಡಿತ ಹೆಚ್ಚುಕಡಿಮೆ ಹಾಗೆಯೇ ಉಳಿದು, ಶಕ್ತಿಯ ಬಳಕೆ ಮಾತ್ರ ಕುಗ್ಗಿತ್ತು. ನನ್ನ ಅಗ್ಗದ ಟೋಪಿ ಅದೇ ದಿಕ್ಕನ್ನು ತೋರಿಸಿತೆಂಬುದೇ ನನಗೆ ಹೆಮ್ಮೆ.

ನಡುವೆ ಸೊಲ್ಲನ್ನು ಬಾಯಲ್ಲಿ ಹೇಳಿಸಿಯೂ ನೋಡಿದೆ. ದವಡೆಯ ಸ್ನಾಯು ಅಲುಗಿ ಕಪಾಲದ ಪಕ್ಕದ ಚಾನೆಲ್‌ಗಳೆಲ್ಲ ಕೆಟ್ಟವು. ಫಿಲ್ಟರ್ ಕಾಫಿ ಕುಡಿದು ಬಂದವರ ಅಳತೆ ಬೇರೆಯೇ ಆಗುತ್ತಿತ್ತು, ಕೆಫೀನು ಮಿದುಳಿನ ರಕ್ತನಾಳಗಳನ್ನು ಸಂಕುಚಿಸುತ್ತದಲ್ಲ. ಹಾಗಾಗಿ ಬೆಳಗಿನ ಸರದಿಯವರಿಗೆ ಕಾಫಿ ನಿಷೇಧಿಸಿ, ಅಳತೆ ಮುಗಿದ ಮೇಲೆ ನಾನೇ ಕೊಡಿಸುತ್ತಿದ್ದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದವರನ್ನು ವಾಪಸು ಕಳಿಸಬೇಕಾಯಿತು, ಟೋಪಿ ಜಾರುತ್ತಿತ್ತು. ಕೂದಲನ್ನು ಬೈತಲೆ ತೆಗೆದು ಬೆಳಕಿಗೆ ದಾರಿ ಮಾಡಿದ್ದು ಹೇಗೆಂಬುದನ್ನು ಮಾತ್ರ ಸದ್ಯಕ್ಕೆ ಹೇಳಲಾರೆ. ಆ ಹಿರಿಯರ ವಿದ್ಯಾರ್ಥಿಯೇ ಈಗ ಅದನ್ನು ಕೇಳಿಕೊಂಡು ನನ್ನ ಬಳಿಗೆ ಎರಡು ಸಲ ಬಂದುಹೋಗಿದ್ದಾನೆ.